ಹಳೇ ಔಷಧಿಯ ವಿಷವನ್ನು ಅಯಾನಿಕ ದ್ರವ ಮುರಿಯುತ್ತದೆಯೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಇದೆ, ಸ್ವಲ್ಪ ಟೊಮೆಟೊ ಇದೆ. ತಾತ ತೀರಿಹೋದ ಮೇಲೆ ಮೋಟರ್ ಶೆಡ್ ಕ್ಲೀನ್ ಮಾಡುವಾಗ ಬೆಳೆಗೆ ಹೊಡೆಯುವ ಹಳೇ ಔಷಧಿ ಬಾಟಲಿಗಳು ಸಿಕ್ಕವು. ಡಿಡಿವಿಪಿ (ಡೈಕ್ಲೋರ್ವಾಸ್) 76%, ಟ್ರೈಕ್ಲೋರ್‌ಫಾನ್ 50%, ಕ್ಲೋರ್‌ಪೈರಿಫಾಸ್ 20%, ಎಂಡೋಸಲ್ಫಾನ್ 35%. ಇನ್ನೊಂದರ ಲೇಬಲ್ಲೇ ಕಿತ್ತುಹೋಗಿದೆ. ಹುಳು ಮನೆಗೆ ತಂದ ಬ್ಲೀಚಿಂಗ್ ಪೌಡರ್, ಸುಣ್ಣ ಇದೆಯಲ್ಲ, ಅದನ್ನೇ ಕಲಸಿ ಸುರಿದು ಗುಂಡಿಗೆ ಹಾಕಿದರೆ ವಿಷ ಸಾಯುತ್ತದೆ ಅನ್ನುತ್ತಾರೆ ಅಪ್ಪ. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಯುದ್ಧದ ವಿಷಗಳನ್ನೂ ಅಯಾನಿಕ ದ್ರವದಲ್ಲಿ ಹಾಕಿ ನಿರುಪದ್ರವಿ ಮಾಡಬಹುದು ಅಂತ ಓದಿದೆ. ನಮ್ಮ ಬಾಟಲಿಗಳಿಗೂ ಅದು ಆಗುತ್ತದಾ? ಇದನ್ನೇ ಕಾಲೇಜಿನ ಪ್ರಾಜೆಕ್ಟ್ ಮಾಡಬಹುದಾ?

ಉತ್ತರ: ಮೊದಲು ಅಪ್ಪನವರ ಕೈಯಿಂದ ಆ ಸುಣ್ಣದ ಬಕೆಟ್ ತೆಗೆದು ಬದಿಗಿಡಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ. ಒಂದರದ್ದು ಇನ್ನೊಂದಕ್ಕೆ ಸುರಿಯಬೇಡಿ. ಗುಂಡಿ ಬೇಡ, ಬೆಂಕಿಯೂ ಬೇಡ.

ಅಯಾನಿಕ ದ್ರವಗಳು, ಅಂದರೆ ಕಡಿಮೆ ಬಿಸಿಗೇ ಕರಗಿ ದ್ರವವಾಗುವ ಉಪ್ಪುಗಳು, ಇಂಥ ವಿಷವನ್ನು ಮುರಿಯಬಲ್ಲವು. ನೀವು ಓದಿದ್ದು ಸರಿಯಾಗಿಯೇ ಇದೆ. ಆದರೆ ನಿಮ್ಮ ಶೆಡ್ಡಿನ ಬಾಟಲಿಗಳಿಗೆ ಅದು ದಾರಿಯಲ್ಲ. ಯಾಕೆ ಅಂತ ಹೇಳಲು ಸುಣ್ಣದಿಂದಲೇ ಶುರು ಮಾಡುತ್ತೇನೆ.

ಅಪ್ಪನವರ ಯೋಚನೆ ಸುಮ್ನೆ ಬಂದದ್ದಲ್ಲ. ಹುಳು ಮನೆಗೆ 2% ಬ್ಲೀಚಿಂಗ್ ಪೌಡರನ್ನು 0.3% ಸುಣ್ಣದ ನೀರಿನಲ್ಲಿ ಕಲಸಿ ಹೊಡೆಯುವುದನ್ನು ಅವರು ವರ್ಷಗಟ್ಟಲೆ ಮಾಡಿದ್ದಾರೆ. ರೋಗ ಹೋಗುವುದನ್ನು ಕಣ್ಣಾರೆ ಕಂಡಿದ್ದಾರೆ. ಆದರೆ ಅಲ್ಲಿ ಸಾಯಬೇಕಾದದ್ದು ಜೀವ ಇರುವ ರೋಗಾಣು. ಅದು ಸತ್ತರೆ ಕೆಲಸ ಮುಗಿಯಿತು. ಬಾಟಲಿಯಲ್ಲಿರುವ ವಿಷಕ್ಕೆ ಜೀವವಿಲ್ಲ, ಅದಕ್ಕೆ ಸಾವೂ ಇಲ್ಲ. ಅದು ಇನ್ನೊಂದು ವಸ್ತುವಾಗಿ ಮಾತ್ರ ಬದಲಾಗಬಲ್ಲದು. ಏನಾಗಿ ಬದಲಾಗುತ್ತದೆ ಅನ್ನುವುದನ್ನು ಮೊದಲೇ ತಿಳಿದುಕೊಂಡು ಕೈಹಾಕಬೇಕು.

ನಿಮ್ಮ ಟ್ರೈಕ್ಲೋರ್‌ಫಾನನ್ನೇ ನೋಡಿ. ಅದಕ್ಕೆ ಸುಣ್ಣದಂಥ ಕ್ಷಾರ ತಾಗಿದರೆ ಅದು ಡಿಡಿವಿಪಿ ಆಗುತ್ತದೆ. ಹೌದು, ನಿಮ್ಮ ಪಟ್ಟಿಯಲ್ಲಿರುವ ಮೊದಲನೇ ವಿಷವೇ. ಅದು ಟ್ರೈಕ್ಲೋರ್‌ಫಾನಿಗಿಂತ ಜಾಸ್ತಿ ವಿಷ. ಮೇಲಾಗಿ ಬೇಗ ಆವಿಯಾಗುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಆ ಡಿಡಿವಿಪಿಯೂ ಕ್ಷಾರದಲ್ಲಿ ಕೊನೆಗೆ ಒಡೆಯುತ್ತದೆ ನಿಜ. ಅಷ್ಟರಲ್ಲಿ ಬಕೆಟ್ಟಿನ ಮೇಲೆ ಬಗ್ಗಿ ಕೋಲಿನಿಂದ ಕಲಸುತ್ತಿರುವವರು ಯಾರು? ಅಪ್ಪ.

ಕ್ಲೋರ್‌ಪೈರಿಫಾಸ್ ಕಥೆ ಇನ್ನೊಂದು ತರಹ. ಅದರ ಅಣುವಿನಲ್ಲಿ ರಂಜಕಕ್ಕೆ (ಫಾಸ್ಫರಸ್) ಒಂದು ಗಂಧಕ ಅಂಟಿಕೊಂಡಿದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಆ ಗಂಧಕವನ್ನು ಕಿತ್ತು ಆಮ್ಲಜನಕ ಕೂರಿಸಬಲ್ಲದು. ಆಗ ಹುಟ್ಟುವುದಕ್ಕೆ ಆಕ್ಸಾನ್ ಅಂತ ಹೆಸರು. ನರಗಳ ಮೇಲೆ ನಿಜವಾಗಿ ಹೊಡೆತ ಕೊಡುವುದು ಈ ಆಕ್ಸಾನೇ. ಔಷಧಿ ಮೈಯೊಳಗೆ ಹೋದಾಗ ನಮ್ಮ ಲಿವರ್ ಮಾಡುವುದೂ ಇದೇ ಬದಲಾವಣೆಯನ್ನು. ಅಂದರೆ ವಿಷ ಮುರಿಯಲು ಹೋಗಿ, ಮೈ ಮಾಡಬೇಕಿದ್ದ ಕೆಟ್ಟ ಕೆಲಸವನ್ನು ನಾವೇ ಬಕೆಟ್ಟಿನಲ್ಲಿ ಮಾಡಿಕೊಟ್ಟಂತಾಗುತ್ತದೆ.

ಎಂಡೋಸಲ್ಫಾನನ್ನು ಗುಂಡಿಗೆ ಹಾಕಿದರೆ ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ಮೂಲ ವಿಷಕ್ಕಿಂತ ಜಾಸ್ತಿ ದಿನ ಮಣ್ಣಿನಲ್ಲಿ ಉಳಿಯುತ್ತದೆ. ಲೇಬಲ್ ಇಲ್ಲದ ಬಾಟಲಿಯ ವಿಚಾರ ಕೇಳಲೇಬೇಡಿ. ಒಳಗಿರುವುದು ಆಮ್ಲದ ಗುಣದ್ದಾದರೆ ಬ್ಲೀಚಿಂಗ್ ಪೌಡರಿನಿಂದ ಕ್ಲೋರಿನ್ ಅನಿಲ ಏಳುತ್ತದೆ. ಇನ್ನೂ ಒಂದಿದೆ. ಈ ಔಷಧಿಗಳಲ್ಲಿ ಬಹುಪಾಲು ಪೆಟ್ರೋಲಿಯಂ ಜಾತಿಯ ಎಣ್ಣೆಯಲ್ಲಿ ಕರಗಿಸಿದಂಥವು. ಒಣ ಬ್ಲೀಚಿಂಗ್ ಪೌಡರ್ ಮೇಲೆ ಅಂಥ ಎಣ್ಣೆ ಬಿದ್ದರೆ ಕಾವು ಏರಿ ಬೆಂಕಿ ಹತ್ತುವುದೂ ಉಂಟು.

ನಾನು ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ತ್ಯಾಜ್ಯ ನೀರಿನ ಘಟಕದಲ್ಲಿದ್ದೆ. ಒಂದು ಸಲ ಒಂದು ಟ್ಯಾಂಕಿನ ನೀರಿಗೆ ಸುಣ್ಣ ಹಾಕಿ, ಆಮೇಲೆ ಆಮ್ಲ ಹಾಕಿ, ಪಿಎಚ್ ಸರಿಯಾಗಿ 7ಕ್ಕೆ ತಂದೆವು. ವಾಸನೆ ಹೋಯಿತು. ನೀರು ತಿಳಿಯಾಯಿತು. ಆಯಿತಪ್ಪಾ ಅಂದುಕೊಂಡೆವು. ಆದರೆ ಹೊರಗೆ ಬಿಡುವ ಮೊದಲು ಮೀನಿನ ಪರೀಕ್ಷೆ ಅಂತ ಒಂದಿರುತ್ತದೆ. ಆ ನೀರಿನಲ್ಲಿ 96 ಗಂಟೆ ಮೀನು ಬಿಟ್ಟರೆ ನೂರಕ್ಕೆ ತೊಂಬತ್ತಾದರೂ ಬದುಕಬೇಕು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಮೀನು ಮೇಲೆ ತೇಲುತ್ತಿದ್ದವು. ನಾವು ಹುಡುಕುತ್ತಿದ್ದ ವಿಷ ನೀರಿನಲ್ಲಿ ಇರಲಿಲ್ಲ. ಅದು ಒಡೆದು ಹುಟ್ಟಿದ ಇನ್ನೊಂದು ಇತ್ತು. ಅವತ್ತಿನಿಂದ ‘ನ್ಯೂಟ್ರಲ್ ಆಯಿತು’ ಅಂತ ಯಾರಾದರೂ ಹೇಳಿದರೆ, ಆಮೇಲೆ ಏನಾಯಿತು ಅಂತ ಕೇಳದೆ ನನಗೆ ಸಮಾಧಾನವಿಲ್ಲ. ಪಿಎಚ್ 7 ಅಂದರೆ ಆಮ್ಲವೂ ಇಲ್ಲ, ಕ್ಷಾರವೂ ಇಲ್ಲ ಅಂತ ಅರ್ಥ, ಅಷ್ಟೇ. ವಿಷ ಇಳಿಯಿತು ಅಂತ ಅಲ್ಲ.

ಈಗ ನಿಮ್ಮ ಅಯಾನಿಕ ದ್ರವಕ್ಕೆ ಬರೋಣ. ಇದು ನಿಜಕ್ಕೂ ಚೆಂದದ ವಿಷಯ.

ಅಡುಗೆ ಉಪ್ಪು ಗೊತ್ತಲ್ಲ, ಪೂರ್ತಿ ಅಯಾನುಗಳಿಂದಲೇ, ಅಂದರೆ ವಿದ್ಯುತ್ ಆವೇಶವಿರುವ ಕಣಗಳಿಂದಲೇ ಆದದ್ದು. ಸೋಡಿಯಂ, ಕ್ಲೋರೈಡ್ ಎರಡೂ ಸಣ್ಣ ಗುಂಡುಗಳು. ಒತ್ತಾಗಿ ಜೋಡಿಸಿಕೊಂಡು ಕೂತಿರುತ್ತವೆ. ಅದನ್ನು ಕರಗಿಸಿ ದ್ರವ ಮಾಡಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದರ ಬದಲು ಒಂದು ಅಯಾನು ದೊಡ್ಡದಾಗಿ, ಓರೆಕೋರೆಯಾಗಿ, ಒಂದು ಬಾಲ ಇಟ್ಟುಕೊಂಡಿದ್ದರೆ? ಒತ್ತಾಗಿ ಜೋಡಿಸಲು ಆಗುವುದೇ ಇಲ್ಲ. ಮನೆಯ ಬಿಸಿಗೇ ಉಪ್ಪು ದ್ರವವಾಗಿ ಉಳಿಯುತ್ತದೆ. 100 ಡಿಗ್ರಿಗಿಂತ ಕೆಳಗೆ ಕರಗುವ ಇಂಥ ಉಪ್ಪುಗಳಿಗೆ ಅಯಾನಿಕ ದ್ರವ ಅನ್ನುತ್ತಾರೆ. ಸುಮಾರು 12 ಡಿಗ್ರಿಗೇ ಕರಗುವ ಈಥೈಲ್ ಅಮೋನಿಯಂ ನೈಟ್ರೇಟ್ ಬಗ್ಗೆ ರಸಾಯನಶಾಸ್ತ್ರಜ್ಞ ಪಾಲ್ ವಾಲ್ಡೆನ್ 1914ರಲ್ಲೇ ಬರೆದಿದ್ದರು. ಬಹಳ ವರ್ಷ ಯಾರೂ ಅದರ ತಂಟೆಗೆ ಹೋಗಲಿಲ್ಲ. 1992ರಲ್ಲಿ ಜಾನ್ ವಿಲ್ಕ್ಸ್ ಮತ್ತು ಮೈಕಲ್ ಜವರೊಟ್ಕೊ ಗಾಳಿಗೂ ನೀರಿಗೂ ತಾಳಿಕೊಳ್ಳುವ ಇಮಿಡಜೋಲಿಯಂ (ಸಾರಜನಕವಿರುವ ಉಂಗುರದಂಥ ಅಯಾನು) ದ್ರವಗಳನ್ನು ಮಾಡಿ ತೋರಿಸಿದರು. ಅಲ್ಲಿಂದಾಚೆಗೆ ಕೆಲಸ ಓಡತೊಡಗಿತು.

ವಿಷಕ್ಕೂ ಇದಕ್ಕೂ ಏನು ಸಂಬಂಧ ಅಂತ ತಿಳಿಯಲು ವಿಷ ಹೇಗೆ ಕೊಲ್ಲುತ್ತದೆ ಅಂತ ನೋಡಬೇಕು. ನಿಮ್ಮ ಬಾಟಲಿಗಳಲ್ಲಿ ಮೂರು ಆರ್ಗ್ಯಾನೋಫಾಸ್ಫೇಟ್ ಜಾತಿಯವು. ಯುದ್ಧದ ಸಾರಿನ್, ಟಾಬುನ್ ಕೂಡ ಇದೇ ವಂಶ. 1936ರಲ್ಲಿ ಜರ್ಮನಿಯ ಗೆರ್‌ಹಾರ್ಡ್ ಶ್ರೇಡರ್ ಹೊಸ ಕೀಟನಾಶಕ ಹುಡುಕುತ್ತಿದ್ದಾಗಲೇ ಟಾಬುನ್ ಸಿಕ್ಕಿತು. ನಮ್ಮ ಮೈಯಲ್ಲಿ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅಂತ ಒಂದು ಕಿಣ್ವ ಇದೆ. ನರದಿಂದ ಬಂದ ಸಂದೇಶವನ್ನು ಕೆಲಸ ಮುಗಿದ ತಕ್ಷಣ ಅಳಿಸಿ ಹಾಕುವುದು ಅದರ ಕೆಲಸ. ವಿಷದ ರಂಜಕ ಹೋಗಿ ಈ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಸಂದೇಶ ಅಳಿಯುವುದಿಲ್ಲ. ಜೊಲ್ಲು, ಬೆವರು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುವುದು, ಕೊನೆಗೆ ಉಸಿರು ನಿಲ್ಲುವುದು, ಎಲ್ಲವೂ ಅದರಿಂದಲೇ.

ಔಷಧಿ ಕುಡಿದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅಟ್ರೋಪಿನ್ ಜೊತೆಗೆ ‘ಪ್ಯಾಮ್’ ಅನ್ನುವ ಇಂಜೆಕ್ಷನ್ ಹೆಸರು ಕೇಳಿರಬಹುದು. ಪ್ರಾಲಿಡಾಕ್ಸಿಮ್ ಅದರ ಪೂರ್ತಿ ಹೆಸರು. ಅದರಲ್ಲಿ ಆಕ್ಸಿಮ್ ಅನ್ನುವ ಒಂದು ಕೈ ಇದೆ. ಆ ಕೈ ಕಿಣ್ವಕ್ಕೆ ಅಂಟಿದ ರಂಜಕವನ್ನು ಹಿಡಿದು ಎಳೆದು ಬಿಡಿಸುತ್ತದೆ. ಬಿ.ಎಸ್ಸಿ. ಪಾಠದ ಭಾಷೆಯಲ್ಲಿ ಇದು ನ್ಯೂಕ್ಲಿಯೋಫೈಲ್, ಅಂದರೆ ತನ್ನ ಎಲೆಕ್ಟ್ರಾನ್ ಜೋಡಿ ಕೊಟ್ಟು ಇನ್ನೊಂದಕ್ಕೆ ಅಂಟುವಂಥದ್ದು. ವಿಷವನ್ನು ಬಾಟಲಿಯಲ್ಲಿ ಮುರಿಯುವುದಿದ್ದರೂ, ಮೈಯೊಳಗೆ ಮುರಿಯುವುದಿದ್ದರೂ ಮೂಲ ಕೆಲಸ ಇದೇ. ರಂಜಕದ ಮೇಲೆ ಒಂದು ಒಳ್ಳೆಯ ನ್ಯೂಕ್ಲಿಯೋಫೈಲ್ ಎರಗಬೇಕು. ಪ್ಯಾಮ್ ಒಂದು ಪಿರಿಡಿನಿಯಂ ಉಪ್ಪು, ಅದರಲ್ಲೂ ಸಾರಜನಕವಿರುವ ಉಂಗುರದಂಥ ಅಯಾನು ಇದೆ. ಪಿರಿಡಿನಿಯಂ ಉಪ್ಪುಗಳಲ್ಲಿ ಹಲವು ಅಯಾನಿಕ ದ್ರವಗಳೂ ಇವೆ. ಮೊದಲ ಸಲ ಇದನ್ನು ಗಮನಿಸಿದಾಗ ನನಗೆ ಮೈ ಜುಮ್ಮೆಂದಿತ್ತು.

ತೊಂದರೆ ಇರುವುದು ನೀರಿನಲ್ಲಿ. ಈ ವಿಷಗಳಲ್ಲಿ ಹಲವು ಎಣ್ಣೆಯಂಥವು, ನೀರಿಗೆ ಸರಿಯಾಗಿ ಬೆರೆಯುವುದಿಲ್ಲ. ಎರಗಬೇಕಾದ ನ್ಯೂಕ್ಲಿಯೋಫೈಲ್ ಉಪ್ಪಿನಂಥದ್ದು, ಎಣ್ಣೆಗೆ ಬೆರೆಯುವುದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಸೇರುವುದೇ ಕಷ್ಟ. ಅದೂ ಅಲ್ಲದೆ ನೀರಿನ ಅಣುಗಳು ನ್ಯೂಕ್ಲಿಯೋಫೈಲನ್ನು ಮುತ್ತಿಕೊಂಡು ಅದರ ಕೈಕಟ್ಟಿಬಿಡುತ್ತವೆ. ಅಯಾನಿಕ ದ್ರವವನ್ನು ಸರಿಯಾಗಿ ಆರಿಸಿದರೆ ಎಣ್ಣೆಯೂ ಕರಗುತ್ತದೆ, ಉಪ್ಪೂ ಕರಗುತ್ತದೆ. ಮುತ್ತಿಗೆ ಸಡಿಲವಾಗುತ್ತದೆ, ಕ್ರಿಯೆ ಜೋರಾಗುತ್ತದೆ. ಕೆಲವು ಕಡೆ ಆಕ್ಸಿಮಿನ ಅಯಾನನ್ನೇ ದ್ರವದ ಅರ್ಧ ಭಾಗ ಮಾಡಿಬಿಟ್ಟಿದ್ದಾರೆ. ಆಗ ಕರಗಿಸುವುದೂ ಅದೇ, ಎರಗುವುದೂ ಅದೇ. ಈ ದ್ರವ ಹೆಚ್ಚುಕಡಿಮೆ ಆವಿಯೇ ಆಗುವುದಿಲ್ಲ. ಹಾಗಾಗಿ ಕೆಲಸ ಮಾಡುವವರ ಮೂಗಿಗೆ ದ್ರಾವಕದ ಹೊಗೆ ಹೋಗುವುದಿಲ್ಲ, ಸುಲಭವಾಗಿ ಬೆಂಕಿಯೂ ಹತ್ತುವುದಿಲ್ಲ.

ಕಾರ್ಖಾನೆಗಳಲ್ಲಿ ಇದರ ಬಳಕೆ ಆಗಲೇ ಶುರುವಾಗಿದೆ. ಚಿಪ್ ತಯಾರಿಕೆಗೆ ಬೇಕಾಗುವ ಫಾಸ್ಫೀನ್ ಮಹಾ ವಿಷದ ಅನಿಲ. ಅದನ್ನು ಜಾಸ್ತಿ ಒತ್ತಡದಲ್ಲಿ ಸಿಲಿಂಡರಿಗೆ ತುಂಬುವ ಬದಲು ಅಯಾನಿಕ ದ್ರವಕ್ಕೆ ಹಿಡಿಸಿ ಇಡುವ ವಿಧಾನ ಬಂದಿದೆ. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಸೋರಿದರೂ ಅನಿಲ ಚಿಮ್ಮುವುದಿಲ್ಲ. ಮಲೇಷ್ಯಾದಲ್ಲಿ ನೈಸರ್ಗಿಕ ಅನಿಲದಿಂದ ಪಾದರಸ ತೆಗೆಯಲು ಇಂಥದ್ದೇ ದ್ರವವನ್ನು ರಂಧ್ರಗಳಿರುವ ಸಿಲಿಕಾದೊಳಗೆ ಕೂರಿಸಿ ಬಳಸುತ್ತಾರೆ. ಗಮನಿಸಿ, ಈ ಎರಡರಲ್ಲೂ ದ್ರವ ವಿಷವನ್ನು ಒಡೆಯುವುದಿಲ್ಲ, ಹಿಡಿದಿಡುತ್ತದೆ. ನನ್ನ ಲೆಕ್ಕದಲ್ಲಿ ಅಯಾನಿಕ ದ್ರವಗಳ ದೊಡ್ಡ ಶಕ್ತಿ ಇದೇ.

ಹಾಗಾದರೆ ನಿಮ್ಮ ಶೆಡ್ಡಿಗೆ ಯಾಕೆ ಬೇಡ? ಮತ್ತೆ ಅದೇ ಪ್ರಶ್ನೆ ಕೇಳಿ: ಆಮೇಲೆ? ವಿಷ ಒಡೆಯಿತು ಅಂತಲೇ ಇಟ್ಟುಕೊಳ್ಳೋಣ. ಈಗ ನಿಮ್ಮ ಕೈಯಲ್ಲಿ ಒಡೆದ ಚೂರುಗಳು, ಔಷಧಿಯ ಎಣ್ಣೆ, ಅಯಾನಿಕ ದ್ರವ ಎಲ್ಲಾ ಸೇರಿದ ಒಂದು ಗಟ್ಟಿ ಪಾಕ ಇದೆ. ಆವಿಯಾಗುವುದಿಲ್ಲ ಅನ್ನುವುದು ಒಳ್ಳೆಯ ಗುಣ ಅಂದೆನಲ್ಲ, ಈಗ ಅದೇ ತಲೆನೋವು. ಬಟ್ಟಿ ಇಳಿಸಿ ಬೇರೆ ಮಾಡುವುದು ಸುಲಭವಲ್ಲ. ಇಮಿಡಜೋಲಿಯಂ ದ್ರವಗಳಲ್ಲಿ ಬಹಳಷ್ಟು ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ. ಅವುಗಳ ಇಂಗಾಲದ ಬಾಲ ಉದ್ದವಾದಷ್ಟೂ ನೀರಿನ ಜೀವಿಗಳಿಗೆ ವಿಷ ಜಾಸ್ತಿ. ಹೆಕ್ಸಾಫ್ಲೋರೋಫಾಸ್ಫೇಟ್ ಅನ್ನುವ ಅಯಾನು ಇರುವಂಥವು ನೀರು, ಬಿಸಿ ತಾಗಿದರೆ ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತವೆ. ಆವಿ ಇಲ್ಲ ಅಂದ ಮಾತ್ರಕ್ಕೆ ಇವನ್ನು ‘ಹಸಿರು ದ್ರಾವಕ’ ಅಂತ ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೆಲೆಯೂ ಮಾಮೂಲಿ ದ್ರಾವಕಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ.

ದೊಡ್ಡ ದೊಡ್ಡ ದೇಶಗಳೂ ಈ ‘ಆಮೇಲೆ’ಯಿಂದ ತಪ್ಪಿಸಿಕೊಂಡಿಲ್ಲ. 2014ರಲ್ಲಿ ಸಿರಿಯಾದ ರಾಸಾಯನಿಕ ಅಸ್ತ್ರಗಳ ಸರಕನ್ನು, ಸುಮಾರು 600 ಟನ್, ಕೇಪ್ ರೇ ಅನ್ನುವ ಹಡಗಿನ ಮೇಲೆ ಸಮುದ್ರದ ನಡುವೆ ಜಲವಿಭಜನೆ, ಅಂದರೆ ನೀರಿನಿಂದ ಒಡೆಯುವ ಕೆಲಸ, ಮಾಡಿದರು. ವಿಷ ಮುರಿಯಿತು. ಹಾಗಂತ ಉಳಿದ ನೀರನ್ನು ಸಮುದ್ರಕ್ಕೆ ಚೆಲ್ಲಲಿಲ್ಲ. ಅಷ್ಟನ್ನೂ ಜರ್ಮನಿಗೆ, ಫಿನ್‌ಲೆಂಡಿಗೆ ಸಾಗಿಸಿ ಅಲ್ಲಿ ವಿಲೇವಾರಿ ಮಾಡಿದರು. ನಮ್ಮ ದೇಶವೂ ತನ್ನಲ್ಲಿದ್ದ ರಾಸಾಯನಿಕ ಅಸ್ತ್ರಗಳನ್ನು 2009ರಲ್ಲಿ ಪೂರ್ತಿ ನಾಶ ಮಾಡಿತು, ಅಂತರರಾಷ್ಟ್ರೀಯ ತಪಾಸಣೆಯ ಕೆಳಗೆ. ಅಷ್ಟು ಏರ್ಪಾಡು ಬೇಕಾದ ಕೆಲಸವನ್ನು ಮೋಟರ್ ಶೆಡ್ಡಿನಲ್ಲಿ ಒಂದು ಬಕೆಟ್ ಇಟ್ಟುಕೊಂಡು ಮಾಡಲು ಹೋಗಬಾರದು ಅಲ್ವಾ?

ಹಾಗಾದರೆ ಬಾಟಲಿಗಳನ್ನು ಏನು ಮಾಡಬೇಕು? ಇವತ್ತೇ ಮಾಡಬೇಕಾದದ್ದು ಇಷ್ಟು. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಮುಚ್ಚಳ ಭದ್ರವಿದೆಯಾ ನೋಡಿ. ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ ಒಂದು ಗಟ್ಟಿ ಪ್ಲಾಸ್ಟಿಕ್ ಟಬ್ಬಿನಲ್ಲಿಡಿ, ಸುತ್ತ ಒಣ ಮರಳು ತುಂಬಿ. ಲೇಬಲ್ ಇಲ್ಲದ್ದನ್ನು ಬೇರೆ ಟಬ್ಬಿನಲ್ಲಿಡಿ, ಮೇಲೆ ‘ವಿಷ, ಹೆಸರು ಗೊತ್ತಿಲ್ಲ’ ಅಂತ ದೊಡ್ಡದಾಗಿ ಬರೆಯಿರಿ. ಹುಳು ಮನೆ, ಸೊಪ್ಪು ಇಡುವ ಜಾಗ, ದನದ ಕೊಟ್ಟಿಗೆ, ಬೋರ್‌ವೆಲ್ ಎಲ್ಲದರಿಂದಲೂ ದೂರ ಇರಲಿ. ಡಿಡಿವಿಪಿಯ ಆವಿ ಒಂದಿಷ್ಟು ತಾಗಿದರೂ ಹುಳುಗಳ ಗತಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬೀಗ ಹಾಕಿ, ಕೀ ಒಬ್ಬರ ಹತ್ತಿರವೇ ಇರಲಿ. ಮನೆಯಲ್ಲಿ ಯಾರಿಗಾದರೂ ಒಂದು ಕೆಟ್ಟ ಗಳಿಗೆ ಬಂದಾಗ ಇದು ಕೈಗೆ ಸಿಗಬಾರದು. ಬೀಗದ ಮಾತನ್ನು ಅದಕ್ಕಾಗಿಯೇ ಒತ್ತಿ ಹೇಳುತ್ತಿದ್ದೇನೆ.

ಯಾವುದಾದರೂ ಸೋರುತ್ತಿದ್ದರೆ ನೀರು ಹಾಕಿ ತೊಳೆಯಬೇಡಿ. ಒಣ ಮಣ್ಣು ಅಥವಾ ಮರಳು ಸುರಿದು ಹೀರಿಸಿ, ಆ ಮಣ್ಣನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಬಾಟಲಿಗಳ ಜೊತೆಗೇ ಇಡಿ. ಮೈಗೆ ತಾಗಿದರೆ ಬಟ್ಟೆ ಬಿಚ್ಚಿ ಸೋಪು, ನೀರಿನಿಂದ ಚೆನ್ನಾಗಿ ತೊಳೆಯಿರಿ. ತಲೆ ಸುತ್ತು, ಜೊಲ್ಲು, ಕಣ್ಣು ಮಂಜು, ಎದೆ ಬಿಗಿತ ಶುರುವಾದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಲೇಬಲ್ಲಿನ ಫೋಟೋ ಜೊತೆಗಿರಲಿ. ಡಾಕ್ಟರಿಗೆ ಮೊದಲು ಬೇಕಾಗುವುದು ಆ ಹೆಸರು.

ಆಮೇಲೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ತಿಳಿಸಿ. ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೂ ಮಾತಾಡಿ. ನಿಮ್ಮ ನಾಲ್ಕರಲ್ಲಿ ಮೂರು ಈಗ ನಿಷೇಧವಾಗಿರುವಂಥವು. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಡಿಡಿವಿಪಿ, ಟ್ರೈಕ್ಲೋರ್‌ಫಾನ್ ಬಳಕೆ 2020ರ ಡಿಸೆಂಬರ್ 31ಕ್ಕೆ ನಿಂತಿತು. ಹಾಗಾಗಿ ‘ಯಾರಿಗಾದರೂ ಕೊಟ್ಟುಬಿಡೋಣ, ಹೊಡೆದು ಖಾಲಿ ಮಾಡಲಿ’ ಅನ್ನುವ ಮಾತೂ ಬೇಡ. ಅವಧಿ ಮುಗಿದ ಕೀಟನಾಶಕ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಇದಕ್ಕೆ ಸರಿಯಾದ ಕೊನೆ ಅಂದರೆ ತುಂಬಾ ಬಿಸಿಯ ಕುಲುಮೆ. ಸಿಮೆಂಟ್ ಗೂಡಿನಲ್ಲಿ ಒಳಗಿನ ವಸ್ತುವೇ 1450 ಡಿಗ್ರಿಯಷ್ಟು ಕಾಯುತ್ತದೆ. ಜ್ವಾಲೆ ಇನ್ನೂ ಬಿಸಿ. ಆ ಶಾಖದಲ್ಲಿ ಅಣು ಪೂರ್ತಿ ಚಿಂದಿಯಾಗುತ್ತದೆ. ಹುಟ್ಟುವ ಆಮ್ಲದ ಅನಿಲವನ್ನು ಗೂಡಿನಲ್ಲಿರುವ ಸುಣ್ಣವೇ ಹೀರಿಕೊಳ್ಳುತ್ತದೆ. ಅಪ್ಪನವರ ಸುಣ್ಣಕ್ಕೆ ಸರಿಯಾದ ಜಾಗ ಅದು. ಹೊಲದಲ್ಲಿ ಹಾಕುವ ಬೆಂಕಿಗೆ ಆ ಶಾಖ ಬರುವುದಿಲ್ಲ. ಅದರಿಂದ ಏಳುವುದು ವಿಷದ ಹೊಗೆ ಮಾತ್ರ.

ಕಷ್ಟದ ಮಾತನ್ನೂ ಹೇಳಿಬಿಡುತ್ತೇನೆ. ಐದು ಬಾಟಲಿ ಹಿಡಿದುಕೊಂಡು ಒಬ್ಬರೇ ಹೋದರೆ ನಾಲ್ಕು ಕಡೆ ಅಲೆಸಬಹುದು. ಆದರೆ ಇಂಥ ಬಾಟಲಿ ನಿಮ್ಮ ಮನೆಯಲ್ಲಿ ಮಾತ್ರ ಇರುತ್ತದಾ? ಊರಿನಲ್ಲಿ ಮನೆಮನೆ ಕೇಳಿ, ಹೆಸರು ಮತ್ತು ಎಷ್ಟಿದೆ ಅನ್ನುವುದನ್ನು ಮಾತ್ರ ಪಟ್ಟಿ ಮಾಡಿ, ಪಂಚಾಯಿತಿಯಿಂದ ಒಂದೇ ಪತ್ರ ಹೋಗಲಿ. ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಕೊಡಿ. ಕೈಗಾರಿಕೆಗಳ ಅಪಾಯಕಾರಿ ತ್ಯಾಜ್ಯ ಹೋಗುವ ಕೇಂದ್ರ ತುಮಕೂರು ರಸ್ತೆಯ ದಾಬಸ್‌ಪೇಟೆ ಕಡೆಗೇ ಇದೆ, ತುಂಬಾ ದೂರವೇನಲ್ಲ. ಸಾವಿರ ಅಡಿ ಮೀರಿ ಕೊರೆದು ನೀರು ಹುಡುಕುವ ಜಿಲ್ಲೆ ನಮ್ಮದು. ಇಲ್ಲಿ ಒಂದು ಗುಂಡಿಗೆ ಸುರಿದ ವಿಷ ಯಾರ ಬೋರಿನಲ್ಲಿ ಏಳುತ್ತದೋ ಯಾರಿಗೆ ಗೊತ್ತು. ಈ ಕೆಲಸಕ್ಕೆ ಊರೇ ಸೇರಬೇಕು ಅನ್ನುವುದು ನನ್ನ ಮನಸ್ಸಿನ ಮಾತು.

ಇನ್ನು ನಿಮ್ಮ ಪ್ರಾಜೆಕ್ಟ್. ಖಂಡಿತ ಮಾಡಿ, ಆದರೆ ಬಾಟಲಿಯ ಒಂದು ಹನಿಯನ್ನೂ ಕಾಲೇಜಿಗೆ ಒಯ್ಯಬೇಡಿ. ದೊಡ್ಡ ಲ್ಯಾಬಿನವರೂ ಮೊದಲು ನಿಜವಾದ ವಿಷ ಮುಟ್ಟುವುದಿಲ್ಲ, ಅದರ ಬದಲಿಗೆ ನಿಂತು ಕೆಲಸ ಕೊಡುವ ಸೌಮ್ಯ ವಸ್ತು ಬಳಸುತ್ತಾರೆ. ನೀವು ಪ್ಯಾರಾ-ನೈಟ್ರೋಫಿನೈಲ್ ಅಸಿಟೇಟ್ ತೆಗೆದುಕೊಳ್ಳಿ. ಇದರಲ್ಲಿ ರಂಜಕ ಇಲ್ಲ, ಆದರೆ ನ್ಯೂಕ್ಲಿಯೋಫೈಲ್ ಎರಗಿ ಒಡೆಯುವ ರೀತಿ ಹತ್ತಿರದ್ದೇ. ಒಡೆದಾಗ ಹೊರಬರುವ ನೈಟ್ರೋಫೀನಾಲ್ ಕ್ಷಾರದ ಕಡೆಯ ಪಿಎಚ್‌ನಲ್ಲಿ ಹಳದಿಯಾಗುತ್ತದೆ. ಕಾಲೇಜಿನ ಕಲರಿಮೀಟರಿನಲ್ಲಿ 400 ನ್ಯಾನೋಮೀಟರ್ ಸುತ್ತ ಇಟ್ಟು, ಎಷ್ಟು ಹೊತ್ತಿಗೆ ಎಷ್ಟು ಹಳದಿ ಅಂತ ಅಳೆಯಿರಿ. ನ್ಯೂಕ್ಲಿಯೋಫೈಲ್ ಆಗಿ ಇಮಿಡಜೋಲ್ ಸಾಕು. ಇವೂ ರಾಸಾಯನಿಕಗಳೇ, ಮೇಷ್ಟ್ರು ಜೊತೆಗಿರುವಾಗಲೇ ಗ್ಲೌಸ್, ಕನ್ನಡಕ ಹಾಕಿಕೊಂಡು ಮಾಡಿ.

ದ್ರಾವಕಕ್ಕೆ ದುಬಾರಿ ಅಯಾನಿಕ ದ್ರವ ತರಿಸಬೇಕಿಲ್ಲ. ಕೋಲಿನ್ ಕ್ಲೋರೈಡ್ ಒಂದು ಪಾಲು, ಯೂರಿಯಾ ಎರಡು ಪಾಲು, ಅಣು ಲೆಕ್ಕದಲ್ಲಿ. ಎರಡೂ ಬೇರೆ ಬೇರೆ ಇದ್ದಾಗ ಬಿಳಿ ಪುಡಿ. ಸೇರಿಸಿ ಮೆಲ್ಲಗೆ ಬಿಸಿ ಮಾಡಿದರೆ ತಿಳಿ ದ್ರವವಾಗುತ್ತದೆ, ತಣ್ಣಗಾದರೂ ದ್ರವವಾಗಿಯೇ ಇರುತ್ತದೆ. ಮಿಶ್ರಣ ಗಟ್ಟಿಯಾಗುವುದು 12 ಡಿಗ್ರಿಗೆ. ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಅಬಟ್ ಅವರ ತಂಡ 2003ರಲ್ಲಿ ಇದನ್ನು ಪ್ರಕಟಿಸಿತು. ಅಯಾನಿಕ ದ್ರವಗಳ ದಾಯಾದಿ ಅನ್ನಬಹುದಾದ ಇದರ ಹೆಸರು ಡೀಪ್ ಯೂಟೆಕ್ಟಿಕ್ ದ್ರಾವಕ. ಕೋಲಿನ್ ಕ್ಲೋರೈಡ್ ಕೋಳಿ ಆಹಾರಕ್ಕೆ ಸೇರಿಸುವ ವಸ್ತು. ಯೂರಿಯಾ ನಿಮ್ಮ ಮನೆಯಲ್ಲೇ ಮೂಟೆ ಇರುತ್ತದೆ, ಆದರೆ ಅಳತೆಗೆ ಲ್ಯಾಬಿನ ಶುದ್ಧ ಯೂರಿಯಾವನ್ನೇ ಬಳಸಿ. ಕೋಲಿನ್ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಮೊದಲು ಒಣಗಿಸಿಕೊಳ್ಳಿ.

ಒಮ್ಮೆ ಬರೀ ನೀರಿನಲ್ಲಿ ಅಳೆಯಿರಿ, ಒಮ್ಮೆ ಈ ದ್ರಾವಕದಲ್ಲಿ. ಆಮೇಲೆ ದ್ರಾವಕಕ್ಕೆ ನೂರಕ್ಕೆ ಹತ್ತು, ಇಪ್ಪತ್ತು, ಐವತ್ತು ನೀರು ಸೇರಿಸುತ್ತಾ ಹೋಗಿ. ಪಾಕ ತುಂಬಾ ಗಟ್ಟಿ ಇದ್ದಾಗ ಅಣುಗಳು ಓಡಾಡಲಾರದೆ ಕ್ರಿಯೆ ನಿಧಾನವಾಗಬಹುದು. ನೀರು ಅರ್ಧಕ್ಕಿಂತ ಜಾಸ್ತಿಯಾದರೆ ಅದು ದ್ರಾವಕದ ಗುಣ ಬಿಟ್ಟು ಬರೀ ಉಪ್ಪು ನೀರಿನಂತಾಗುತ್ತದೆ. ನಡುವೆ ಎಲ್ಲಿ ಕ್ರಿಯೆ ಚುರುಕಾಗುತ್ತದೆ ಅಂತ ಗ್ರಾಫ್ ಹಾಕಿ ನೋಡಿ. ಪ್ರಯೋಗ ಮುಗಿದ ಮೇಲೆ ಉಳಿದ ಹಳದಿ ದ್ರವವನ್ನು ಸಿಂಕಿಗೆ ಸುರಿಯದೆ ಬಾಟಲಿಯಲ್ಲಿ ಸೇರಿಸಿಟ್ಟು, ಅದನ್ನು ಏನು ಮಾಡಿದಿರಿ ಅನ್ನುವುದಕ್ಕೂ ವರದಿಯಲ್ಲಿ ಒಂದು ಪುಟ ಇಡಿ. ಗ್ರಾಫ್ ಬಂದಾಗ ನನಗೂ ಒಂದು ಪ್ರತಿ ಕಳಿಸಿ, ನೋಡಬೇಕು ಅಂತ ಆಸೆಯಿದೆ.